ಒಂದೇ ಮಾಧ್ಯಮ ಹಿಡಿ ಅಂತಾರೆ, ಹಿಡಿಯಲೇಬೇಕಾ?

ಪ್ರಶ್ನೆ: ನನಗೆ 27 ವರ್ಷ. ಮೈಸೂರಿನಲ್ಲಿ ಚಿತ್ರಕಲೆ ಓದಿ, ಈಗ ಬೆಂಗಳೂರಿನ ಒಂದು ಆನಿಮೇಷನ್ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಗೆ ಬಂದ ಮೇಲೆ ಲಿನೊಕಟ್, ಅಂದರೆ ಮೆತ್ತನೆಯ ಲಿನೊ ಹಲಗೆ ಕೆತ್ತಿ ಅಚ್ಚೊತ್ತುವುದು, ಮಾಡುತ್ತೇನೆ. ಮಣ್ಣಿನ ಗೊಂಬೆ ಮಾಡಿ, ಸ್ವಲ್ಪ ಸ್ವಲ್ಪವೇ ಸರಿಸಿ ಫೋಟೊ ಹಿಡಿಯುತ್ತಾ, ಫೋನಿನಲ್ಲೇ ಸ್ಟಾಪ್ ಮೋಷನ್ ತೆಗೆಯುತ್ತೇನೆ. ನಮ್ಮದು ಧಾರವಾಡ ಕಡೆ, ಅಮ್ಮನಿಂದ ಕಲಿತ ಕಸೂತಿಯನ್ನೂ ಬಿಟ್ಟಿಲ್ಲ. ಈಗ ಪ್ರಕಾಶಕರೊಬ್ಬರು ಮಕ್ಕಳ ಕತೆಯೊಂದಕ್ಕೆ ಚಿತ್ರ ಮಾಡಿಕೊಡಿ ಎಂದಿದ್ದಾರೆ. ಸೀನಿಯರ್‌ಗಳೆಲ್ಲ, ‘ಮೊದಲು ಒಂದು ಸ್ಟೈಲ್ ಹಿಡಿ, ಎಲ್ಲದಕ್ಕೂ ಕೈ ಹಾಕಿದರೆ ಎಲ್ಲೂ ಸಲ್ಲಲ್ಲ’ ಅಂತಾರೆ. ಇದು ನಿಜವಾ? ಮೊದಲ ಪುಸ್ತಕ ಹೇಗೆ ಶುರು ಮಾಡಲಿ? ಇದರಲ್ಲಿ ಬದುಕೋಕೆ ಆಗುತ್ತಾ? ಕೆಲಸ ಬಿಡಲಾ?

ಉತ್ತರ: ಕೆಲಸ ಬಿಡಬೇಡಿ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು. ಹಾಗೆಯೇ ಲಿನೊ, ಮಣ್ಣು, ಕಸೂತಿ ಇವುಗಳಲ್ಲಿ ಯಾವುದನ್ನೂ ಬಿಡಬೇಡಿ. ನಿಮ್ಮ ಸೀನಿಯರ್‌ಗಳು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು.

ಆ ಎರಡನೇ ಅರ್ಧವನ್ನು ಮೊದಲು ನೋಡೋಣ. ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಅಂತ ನಾವೆಲ್ಲ ಕಾಲೇಜಿನಲ್ಲಿ ಬೇರೆ ಬೇರೆ ಕೋಣೆಯಲ್ಲಿ ಕೂತು ಕಲಿತವರು. ಅದು ಟೈಮ್‌ಟೇಬಲ್ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಕೈಗೆ ಅಂಥ ಗೋಡೆಗಳು ಗೊತ್ತಿಲ್ಲ. ತೊಗಲುಗೊಂಬೆ ಆಡಿಸುವ ಮನೆತನಗಳನ್ನು ನೋಡಿ. ತೊಗಲು ಹದ ಮಾಡುವುದು, ಗೊಂಬೆ ಕತ್ತರಿಸುವುದು, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಹೊಡೆದು ಬೆಳಕು ಮಿನುಗುವ ಹಾಗೆ ಮಾಡುವುದು, ಬಣ್ಣ ಹಚ್ಚುವುದು, ಪರದೆಯ ಹಿಂದೆ ಕೂತು ಆಡಿಸುವುದು, ಹಾಡುವುದು, ನಡುನಡುವೆ ನಗಿಸುವುದು ಎಲ್ಲವೂ ಒಂದೇ ಕುಟುಂಬದ ಕೆಲಸ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ‘ಅಜ್ಜಿ, ನಿಮ್ಮ ಮಾಧ್ಯಮ ಯಾವುದು’ ಅಂತ ಅವರನ್ನು ಕೇಳಿದರೆ ನಗುತ್ತಾರೆ ಅಷ್ಟೇ.

ಊರಿನ ಕಲೆ ಬೇರೆ, ಆಧುನಿಕ ಕಲೆ ಬೇರೆ ಅಂತೀರಾ? ಸರಿ, ನಮ್ಮ ಕೆ. ವೆಂಕಟಪ್ಪನವರನ್ನು ತೆಗೆದುಕೊಳ್ಳಿ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹೆಸರಿನಲ್ಲಿ 1913ರಲ್ಲಿ ಬಂದ ಪುರಾಣ ಕತೆಗಳ ಪುಸ್ತಕಕ್ಕೆ ಚಿತ್ರ ಮಾಡಿದವರಲ್ಲಿ ಅವರೂ ಒಬ್ಬರು. ಊಟಿ ಬೆಟ್ಟಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ ಕೈಯೇ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪವನ್ನೂ ಮಾಡಿತು. ಸಾಲದ್ದಕ್ಕೆ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತು ವರ್ಷಗಟ್ಟಲೆ ಸಾಧನೆ ಮಾಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಎಷ್ಟು ಸಲ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದೀರೋ! ಒಂದು ಸಲ ಇಳಿದು ಒಳಗೆ ಹೋಗಿ.

ಆದರೆ ನಿಮ್ಮ ಪ್ರಶ್ನೆಗೆ ಎಲ್ಲರಿಗಿಂತ ಹತ್ತಿರದ ಉತ್ತರ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಬದುಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1924ರಲ್ಲಿ ಕೇರಳದ ಕೂತುಪರಂಬದಲ್ಲಿ ಹುಟ್ಟಿದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದದ್ದು ಅರ್ಥಶಾಸ್ತ್ರ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. ಸರ್ಕಾರಿ ಕಾಲೇಜಿನ ಬಾಗಿಲು ಅವರಿಗೆ ಮುಚ್ಚಿತು. 1944ರಲ್ಲಿ ಶಾಂತಿನಿಕೇತನ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಮೇಷ್ಟರುಗಳು ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್. ಈ ನಂದಲಾಲರು 1930ರಲ್ಲಿ ರವೀಂದ್ರನಾಥ ಠಾಕೂರರ ಬಂಗಾಳಿ ಬಾಲಪಾಠಕ್ಕೆ ಲಿನೊಕಟ್ ಚಿತ್ರ ಮಾಡಿದ್ದರು. ಬರೀ ಕಪ್ಪು, ಬಿಳಿ. ಅದೇ ನಂದಲಾಲರು ಮುಂದೆ ಶಿಷ್ಯರ ಜೊತೆ ಸೇರಿ ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನೂ ಅಲಂಕರಿಸಿದರು. ಅಆಇಈ ಕಲಿಯುವ ಮಗುವಿಗೂ ದೇಶದ ಸಂವಿಧಾನಕ್ಕೂ ಒಂದೇ ಕೈ. ಅಂಥ ಕಡೆ ಕಲಿತವರಿಗೆ ಮಕ್ಕಳ ಪುಸ್ತಕ ಅಂದರೆ ಚಿಲ್ಲರೆ ಕೆಲಸ ಅನ್ನುವ ಭಾವನೆ ಬರುವುದಾದರೂ ಹೇಗೆ?

1951ರಲ್ಲಿ ಸುಬ್ರಮಣ್ಯನ್ ಬರೋಡಾದ ಲಲಿತಕಲಾ ವಿಭಾಗದಲ್ಲಿ ಮೇಷ್ಟರಾದರು. 1959ರಿಂದ 61ರವರೆಗೆ ಮುಂಬೈಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯ ವಿನ್ಯಾಸದ ಕೆಲಸ. ಮತ್ತೆ ಬರೋಡಾ. ಅಲ್ಲಿ ಮೇಷ್ಟರು, ಹುಡುಗರು ಸೇರಿ ನಡೆಸುತ್ತಿದ್ದ ಕಲಾ ಜಾತ್ರೆಗೆ ಆಟಿಕೆ ಮಾಡತೊಡಗಿದರು. ಮರದ ತುಂಡು, ಮಣಿ, ಚರ್ಮ ಇಂಥವನ್ನೇ ಜೋಡಿಸಿ ಪ್ರಾಣಿ, ಮನುಷ್ಯ. 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಗೆ ಟೆರ್ರಾಕೋಟಾದಲ್ಲಿ ದೊಡ್ಡ ಭಿತ್ತಿಶಿಲ್ಪ. ಆಮೇಲೆ ಗಾಜಿನ ಹಿಂಬದಿಯ ಚಿತ್ರಗಳು. ಇದರ ನಡುವೆಯೇ ಮಕ್ಕಳಿಗಾಗಿ ತಾವೇ ಕತೆ ಬರೆದು ತಾವೇ ಚಿತ್ರ ಮಾಡಿದ ಪುಸ್ತಕಗಳು. ಅವುಗಳಲ್ಲಿ ಒಂದು, 1989ರದ್ದು, ನೋಡೋಕೆ ರಾಜಕುಮಾರಿಯ ಕತೆ. ಒಳಗೆ ಇರುವುದು ತುರ್ತುಪರಿಸ್ಥಿತಿಯ ಮೇಲಿನ ಕಟಕಿ. 2009ರಲ್ಲಿ, 85ರ ವಯಸ್ಸಿನಲ್ಲಿ, ಶಾಂತಿನಿಕೇತನದ ಕಲಾಭವನದ ಕಟ್ಟಡವೊಂದರ ಹೊರಗೋಡೆಯ ಕಪ್ಪು ಬಿಳಿ ಚಿತ್ರವನ್ನು ಮತ್ತೆ ಹೊಸದಾಗಿ ಬರೆದರು. 2012ರಲ್ಲಿ ಪದ್ಮವಿಭೂಷಣ. 2016ರಲ್ಲಿ ತೀರಿಕೊಂಡರು.

ಹೀಗೆ ಸಾಲಾಗಿ ಹೇಳಿದರೆ ಚೆಲ್ಲಾಪಿಲ್ಲಿ ಬದುಕು ಅನ್ನಿಸಬಹುದು. ಹತ್ತಿರ ಹೋಗಿ ನೋಡಿದರೆ ಒಂದರಿಂದ ಕಲಿತದ್ದು ಇನ್ನೊಂದರಲ್ಲಿ ಕಾಣುತ್ತದೆ. ಆಟಿಕೆಯಲ್ಲಿ ಬಿಡಿ ತುಂಡುಗಳನ್ನು ಜೋಡಿಸಿದರೆ ಒಂದು ಜೀವ ಬರುತ್ತದೆ. ಲಖನೌದ ಗೋಡೆಯಲ್ಲೂ ಅದೇ, ಸಣ್ಣ ಸಣ್ಣ ಸುಟ್ಟ ಮಣ್ಣಿನ ತುಂಡುಗಳು ಸೇರಿ ಮುಖ, ಕೈ, ಉಡುಗೆ. ಗಾಜಿನ ಕೆಲಸ ಇನ್ನೂ ಮಜಾ. ಮೈಸೂರು ಕಡೆಯ ಹಳೇ ಮನೆಗಳಲ್ಲಿ ಇಂಥ ಗಾಜಿನ ಚಿತ್ರ ನೀವು ನೋಡಿರಬಹುದು. ಗಾಜಿನ ಹಿಂದೆ ಬರೆದು ಮುಂದಿನಿಂದ ನೋಡುವುದರಿಂದ ಅದರಲ್ಲಿ ಎಲ್ಲವೂ ಉಲ್ಟಾ. ಕಾಗದದ ಮೇಲಾದರೆ ಮೊದಲು ಮುಖ, ಆಮೇಲೆ ಕಣ್ಣು, ಕೊನೆಗೆ ಕಣ್ಣಿನ ಹೊಳಪಿನ ಚುಕ್ಕೆ. ಗಾಜಿನಲ್ಲಿ ಆ ಹೊಳಪಿನ ಚುಕ್ಕೆಯೇ ಮೊದಲು. ಅದರ ಮೇಲೆ ಕಪ್ಪು ಗುಡ್ಡೆ, ಅದರ ಮೇಲೆ ಬಿಳಿ, ಅದರ ಮೇಲೆ ಮುಖದ ಬಣ್ಣ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ. ಒಮ್ಮೆ ಹಾಕಿದ ಮೇಲೆ ತಿದ್ದೋಕೆ ಆಗಲ್ಲ. ಹೀಗೆ ಒಂದು ವರ್ಷ ಕೆಲಸ ಮಾಡಿದವರ ಪೆನ್ಸಿಲ್ ಗೆರೆಯೂ ಬೇರೆಯಾಗಿಬಿಡುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಯೋಚನೆಯೇ ಬದಲಾಗಿರುತ್ತದೆ.

ಇಂಥವರ ಹತ್ತಿರ ಕಲಿತವರೂ ಮಾಧ್ಯಮದ ಬೇಲಿ ಹಾಕಿಕೊಳ್ಳಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಸ್ಕೂಲಿನಲ್ಲಿ ಓದಿ, ಮುಂದೆ ಸುಬ್ರಮಣ್ಯನ್ ಅವರ ವಿದ್ಯಾರ್ಥಿಯಾದರು. ಪೇಂಟಿಂಗಿನಿಂದ ಶುರು ಮಾಡಿದವರು ಸಗಣಿ, ಕುಂಕುಮ, ಸೂಜಿ ದಾರ, ಕೂದಲು, ಟಾರಿನ ಡ್ರಮ್ಮು, ಎಲ್ಲವನ್ನೂ ಮುಟ್ಟಿದರು. ಜಗತ್ತಿನ ದೊಡ್ಡ ದೊಡ್ಡ ಪ್ರದರ್ಶನಗಳಿಗೆ ಅವರ ಕೆಲಸ ಹೋಗಿದೆ. ‘ಎಲ್ಲೂ ಸಲ್ಲಲ್ಲ’ ಅನ್ನೋ ಮಾತು ಇಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಈಗ ಸೀನಿಯರ್‌ಗಳ ಮಾತಿನ ನಿಜದ ಅರ್ಧಕ್ಕೆ ಬರೋಣ. ಒಂದು ಬದುಕಿಗೆ ಹತ್ತು ಮಾಧ್ಯಮ ಇರಲಿ. ಒಂದು ಪುಸ್ತಕಕ್ಕೆ ಮಾತ್ರ ಒಂದೇ. ತೀರಾ ಬೇಕೆಂದರೆ ಎರಡು.

ಯಾಕೆ ಅಂದರೆ ಮಗು ಪುಸ್ತಕ ಓದುವ ರೀತಿಯೇ ಬೇರೆ. ನಾವು ಒಮ್ಮೆ ಓದಿ ಮುಚ್ಚಿಡುತ್ತೇವೆ. ಮಗು ಅದೇ ಪುಸ್ತಕವನ್ನು ದಿನಾ ತರುತ್ತದೆ. ಮೂರನೇ ಪುಟದ ಕರುವಿನ ಕಿವಿಯ ಮೇಲೆ ಮಚ್ಚೆ ಇದ್ದರೆ ಹತ್ತೊಂಬತ್ತನೇ ಪುಟದಲ್ಲೂ ಇರಬೇಕು. ಇಲ್ಲದಿದ್ದರೆ ‘ಇದು ಆ ಕರು ಅಲ್ಲ’ ಅಂತ ತೀರ್ಪು ಬರುತ್ತದೆ, ಮೇಲ್ಮನವಿ ಇಲ್ಲ. ಮಚ್ಚೆ ತಪ್ಪಿದರೇ ಹೀಗೆ. ಇನ್ನು ಮೊದಲ ಅರ್ಧ ಜಲವರ್ಣದ ಕರು, ಉಳಿದರ್ಧ ಮಣ್ಣಿನ ಕರು ಆದರೆ? ಕನಸು ಶುರುವಾಯಿತು, ಬೇರೆ ಲೋಕಕ್ಕೆ ಹೋದರು ಅನ್ನುವ ಕಾರಣ ಕತೆಯಲ್ಲೇ ಇದ್ದರೆ ಮಾಧ್ಯಮ ಬದಲಾಯಿಸಿ. ನಿಮಗೆ ಬೇಜಾರಾಯಿತು ಅಂತ ಬದಲಾಯಿಸಬೇಡಿ. ಕಲಿತದ್ದನ್ನೆಲ್ಲ ಒಂದೇ ಪುಸ್ತಕದಲ್ಲಿ ತೋರಿಸುವ ಆಸೆ ಮೊದಲ ಪುಸ್ತಕದವರಿಗೆ ಸಹಜ. ತಡೆದುಕೊಳ್ಳಿ.

ಇದನ್ನು ಚೆನ್ನಾಗಿ ತಿಳಿದವರು ಮಕ್ಕಳ ಪುಸ್ತಕಗಳ ಲಿಯೊ ಲಿಯೊನ್ನಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದವರು, ಆಮೇಲೆ ಅಮೆರಿಕಕ್ಕೆ ಹೋಗಿ ‘ಫಾರ್ಚೂನ್’ ಪತ್ರಿಕೆಯ ಕಲಾ ನಿರ್ದೇಶಕರಾದರು. ಒಂದು ದಿನ ನ್ಯೂಯಾರ್ಕಿನಿಂದ ಮನೆಗೆ ಹೋಗುವ ರೈಲಿನಲ್ಲಿ ಮೊಮ್ಮಕ್ಕಳಿಬ್ಬರು ಗಲಾಟೆ ಮಾಡುತ್ತಿದ್ದರು. ಕೈಯಲ್ಲಿದ್ದ ‘ಲೈಫ್’ ಪತ್ರಿಕೆಯ ಹಾಳೆ ಹರಿದು, ನೀಲಿ ತುಂಡು ಹಳದಿ ತುಂಡುಗಳನ್ನು ಬ್ರೀಫ್‌ಕೇಸಿನ ಮೇಲೆ ಆಡಿಸುತ್ತಾ ಕತೆ ಹೇಳಿದರು. ಎರಡು ಬಣ್ಣ ತಬ್ಬಿಕೊಂಡು ಹಸಿರಾಗುವ ಆ ಕತೆ 1959ರಲ್ಲಿ ಪುಸ್ತಕವಾಯಿತು. ಅದರಲ್ಲಿ ಇರುವುದು ಹರಿದ ಕಾಗದ ಮಾತ್ರ. ಅಷ್ಟು ದೊಡ್ಡ ಡಿಸೈನರ್, ಮುಖ ಮೂಗು ಬರೆಯೋಕೆ ಬರುತ್ತಿರಲಿಲ್ಲವೇ? ಕತೆಗೆ ಬೇಕಿರಲಿಲ್ಲ, ಬರೆಯಲಿಲ್ಲ. ಮುಂದೆ ಮೀನಿನ ಕತೆಗೆ ಅಚ್ಚೊತ್ತಿ, ಲೇಸಿನ ಗುರುತು ಮೂಡಿಸಿ ಸಮುದ್ರ ಮಾಡಿದರು. ಇಲಿಯ ಕತೆಗೆ ಮತ್ತೆ ಹರಿದ ಕಾಗದಕ್ಕೆ ಬಂದರು. ಇದರ ಜೊತೆಗೆ ಶಿಲ್ಪ, ಪೇಂಟಿಂಗ್, ಆನಿಮೇಷನ್ ಎಲ್ಲ ನಡೆದೇ ಇತ್ತು.

ನಮ್ಮ ಕಾಲದವರಲ್ಲಿ ಆಸ್ಟ್ರೇಲಿಯಾದ ಚಿತ್ರಕಾರ ಶಾನ್ ಟಾನ್. ಊರು ಬಿಟ್ಟು ಊರಿಗೆ ಹೋಗುವವನ ಕತೆಯನ್ನು ಒಂದೂ ಮಾತಿಲ್ಲದೆ ಪೆನ್ಸಿಲ್ಲಿನಲ್ಲೇ ಹೇಳಿದರು. 2006ರಲ್ಲಿ ಬಂದ ಆ ಪುಸ್ತಕಕ್ಕೆ ಸುಮಾರು 4 ವರ್ಷ ಹಿಡಿಯಿತು. ಆಮೇಲೆ ಗ್ರಿಮ್ ಸೋದರರ ಕತೆಗಳಿಗೆ ಪೆನ್ಸಿಲ್ ಮುಟ್ಟಲೇ ಇಲ್ಲ. ಕಾಗದದ ಮುದ್ದೆ, ಒಣಗುವ ಮಣ್ಣು ಸೇರಿಸಿ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಶಿಲ್ಪ ಮಾಡಿ ಫೋಟೊ ತೆಗೆದರು. ತಮ್ಮದೇ ಹಳೆಯ ಪುಸ್ತಕವೊಂದನ್ನು ಇನ್ನೊಬ್ಬರ ಜೊತೆ ಸೇರಿ ಆನಿಮೇಷನ್ ಮಾಡಿದಾಗ 2011ರಲ್ಲಿ ಆಸ್ಕರ್ ಬಂತು. ಅದೇ ವರ್ಷ ಮಕ್ಕಳ ಸಾಹಿತ್ಯದ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿಯೂ ಬಂತು.

ಹಾಗಾದರೆ ನಿಮ್ಮ ಕತೆಗೆ ಯಾವ ಮಾಧ್ಯಮ? ಕತೆ ಏನು ಅಂತ ನೀವು ಬರೆದಿಲ್ಲ. ಒಂದು ಕತೆ ಹೀಗಿದೆ ಅಂದುಕೊಳ್ಳಿ: ಸಂಜೆ, ಮಳೆ, ಕರೆಂಟ್ ಇಲ್ಲ. ಕರು ಕಾಣುತ್ತಿಲ್ಲ. ಅಜ್ಜಿ ಮತ್ತು ಮೊಮ್ಮಗಳು ಲಾಟೀನು ಹಿಡಿದು ಹುಡುಕುತ್ತಾರೆ. ಕೊನೆಗೆ ಬಣವೆಯ ಹಿಂದೆ ಸಿಗುತ್ತದೆ.

ಲಿನೊ ಆದರೆ ಕತ್ತಲು ಪುಕ್ಕಟೆ ಸಿಗುತ್ತದೆ. ಕೆತ್ತದೆ ಬಿಟ್ಟಿದ್ದೆಲ್ಲ ಕತ್ತಲು, ಕೆತ್ತಿದ್ದೆಲ್ಲ ಬೆಳಕು. ಲಾಟೀನಿನ ಸುತ್ತ ಉಳಿ ಆಡಿಸಿದಷ್ಟೂ ಬೆಳಕು ಹರಡುತ್ತದೆ. ಮಳೆಯ ಗೆರೆ ಕೆತ್ತೋಕೆ ಹೇಳಿ ಮಾಡಿಸಿದ ಹಾಗೆ ಬರುತ್ತದೆ. ಈ ಕತೆಗೆ ನನ್ನ ಮೊದಲ ಓಟು ಲಿನೊಗೇ.

ಮಣ್ಣು ಆದರೆ ಕರುವಿಗೆ ತೂಕ ಬರುತ್ತದೆ. ಮಗುವಿಗೆ ಮುಟ್ಟಬೇಕು ಅನ್ನಿಸುತ್ತದೆ. ಬೆರಳ ಗುರುತು ಅಳಿಸಬೇಡಿ, ಅದೇ ಚಂದ. ಆದರೆ ಇಲ್ಲಿ ಅರ್ಧ ಕೆಲಸ ಫೋಟೊದ್ದು. ಒಂದೇ ಕಿಟಕಿ, ಒಂದೇ ಹೊತ್ತಿನ ಬೆಳಕು ಬೇಕು. ಒಂದು ಪುಟದಲ್ಲಿ ನೆರಳು ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಬಿದ್ದರೆ ಸೂರ್ಯನೇ ಓಡಾಡಿದಂತಾಗುತ್ತದೆ. ಹಸಿ ಮಣ್ಣು ಒಣಗಿ ಬಿರಿಯುತ್ತದೆ, ಹಾಗಾಗಿ ಒಣಗದ ಕೃತಕ ಜೇಡಿ, ಪ್ಲಾಸ್ಟಿಸಿನ್ ವಾಸಿ. ಪುಸ್ತಕ ಅಚ್ಚಾಗಿ ಕೈಗೆ ಬರುವವರೆಗೆ ಗೊಂಬೆಗಳನ್ನು ಮುರಿಯಬೇಡಿ. ‘ಹನ್ನೊಂದನೇ ಪುಟ ಇನ್ನೊಮ್ಮೆ ತೆಗೆದುಕೊಡಿ’ ಅಂತ ಎಡಿಟರ್ ಕೇಳದೇ ಇರುವುದಿಲ್ಲ.

ಕಸೂತಿ? ನಿಮಗೆ ನನಗಿಂತ ಜಾಸ್ತಿ ಗೊತ್ತು, ಅದು ಎಳೆ ಎಣಿಸಿ ಹಾಕುವ ಹೊಲಿಗೆ. ಗೆರೆ ನೇರ ಹೋಗುತ್ತದೆ, ಇಲ್ಲವೇ ಓರೆ ಹೋಗುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಬರುತ್ತವೆ. ಕರುವಿನ ಒದ್ದೆ ಮೂಗು, ಮಗುವಿನ ದುಂಡು ಕೆನ್ನೆ ಬರಲ್ಲ. ಬರಿಸೋಕೆ ಹೋದರೆ ಕಸೂತಿಯೂ ಕೆಡುತ್ತದೆ, ಕರುವೂ ಕೆಡುತ್ತದೆ. ಆದರೆ ಈ ಪುಸ್ತಕಕ್ಕೆ ಎರಡನೇ ಮಾಧ್ಯಮ ಅಂತ ಒಂದು ಇಟ್ಟುಕೊಳ್ಳುವುದಾದರೆ ಇದಕ್ಕೊಂದು ಜಾಗ ಇದೆ. ಗವಂತಿ, ಮುರಗಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣುತ್ತದಲ್ಲ? ಅಜ್ಜಿಯ ಸೆರಗಿನ ವಿನ್ಯಾಸ ಹಾಕಿ, ರಟ್ಟಿನ ಒಳಬದಿಗೆ ಬರುವ ಮುಂದಿನ ಎಂಡ್‌ಪೇಪರಿಗೆ ಬಟ್ಟೆಯ ಮುಂಭಾಗ, ಹಿಂದಿನ ಎಂಡ್‌ಪೇಪರಿಗೆ ಹಿಂಭಾಗ ಬಳಸಿ. ಸ್ಕ್ಯಾನರಿನಲ್ಲಿ ಒತ್ತಬೇಡಿ, ದಾರ ಚಪ್ಪಟೆಯಾಗುತ್ತದೆ. ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ.

ಆರಿಸುವ ಮೊದಲು ಒಂದು ಕೆಲಸ ಮಾಡಿ. ಕತೆಯ ಒಂದೇ ಒಂದು ಪುಟವನ್ನು ಬೇರೆ ಬೇರೆ ಮಾಧ್ಯಮದಲ್ಲಿ ಸಣ್ಣದಾಗಿ ಮಾಡಿ. ನಿಮಗೆ ಪರಿಚಯವಿಲ್ಲದ ಮನೆಯ ಮಗುವಿಗೆ ತೋರಿಸಿ. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಮಕ್ಕಳು ಪಾಪ, ಹೂಂ ಅಂದುಬಿಡುತ್ತಾರೆ. ಕತೆ ಓದಿ ಸುಮ್ಮನಿರಿ. ಬೆರಳು ಎಲ್ಲಿಗೆ ಹೋಗುತ್ತದೆ ನೋಡಿ.

ಮಾತು ಹೇಳಿದ್ದನ್ನೇ ಚಿತ್ರ ಹೇಳಬಾರದು ಅನ್ನುವುದು ನಿಮಗೆ ಗೊತ್ತಿರಬಹುದು. ಗೊತ್ತಿದ್ದೂ ಎಲ್ಲರೂ ಅದನ್ನೇ ಮಾಡುತ್ತೇವೆ. ‘ಅಜ್ಜಿ ಬಚ್ಚಲುಮನೆಯಲ್ಲಿ ನೋಡಿದಳು. ಕರು ಇಲ್ಲ’ ಅಂತ ಸಾಲು ಇದೆ. ಬಚ್ಚಲಲ್ಲಿ ನಿಂತ ಅಜ್ಜಿಯನ್ನಷ್ಟೇ ಬರೆದರೆ ಆ ಪುಟ ಸತ್ತ ಹಾಗೆ. ಬಚ್ಚಲ ಕಿಟಕಿಯ ಆಚೆ, ಬಣವೆಯ ಅಂಚಿನಲ್ಲಿ, ಒಂದು ಬಾಲದ ತುದಿ ಬರೆಯಿರಿ. ಅಜ್ಜಿಗೆ ಕಾಣುವುದಿಲ್ಲ, ಓದುತ್ತಿರುವ ಅಮ್ಮನಿಗೂ ಕಾಣುವುದಿಲ್ಲ. ಮಗುವಿಗೆ ಮಾತ್ರ ಕಾಣುತ್ತದೆ. ಇನ್ನು ಆ ಪುಸ್ತಕ ಕಪಾಟಿನಲ್ಲಿ ಕೂರುವುದಿಲ್ಲ.

ನಿಮ್ಮ ಆನಿಮೇಷನ್ ಕೆಲಸ ಇಲ್ಲಿ ವರವೂ ಹೌದು, ತೊಡಕೂ ಹೌದು. ಕತೆಯನ್ನು ಚೌಕ ಚೌಕವಾಗಿ ಚಿತ್ರಿಸುವ ಸ್ಟೋರಿಬೋರ್ಡ್ ಮಾಡೋಕೆ ಬರುತ್ತದೆ, ದೃಶ್ಯ ಎಲ್ಲಿಂದ ನೋಡಬೇಕು ಗೊತ್ತು, ಇದೆಲ್ಲ ಲಾಭ. ತೊಡಕು ಏನೆಂದರೆ, ಸಿನಿಮಾದಲ್ಲಿ ಸಮಯ ನಿಮ್ಮ ಕೈಯಲ್ಲಿದೆ, ಪುಸ್ತಕದಲ್ಲಿ ಮಗುವಿನ ಕೈಯಲ್ಲಿದೆ. ನಡುವಿನ ಫ್ರೇಮುಗಳು ಇಲ್ಲವೇ ಇಲ್ಲ. ಅಜ್ಜಿ ಜಾರಿ ಬೀಳುವುದನ್ನು ಬರೆಯಬೇಡಿ. ಕಾಲು ಜಾರಿದ, ಇನ್ನೂ ಬೀಳದ ಗಳಿಗೆ ಬರೆಯಿರಿ. ಬೀಳುವುದು ಪುಟ ತಿರುಗಿಸುವಾಗ ಆಗುತ್ತದೆ. ಬಲಪುಟದಲ್ಲಿ ಪ್ರಶ್ನೆ, ತಿರುಗಿಸಿದರೆ ಎಡಪುಟದಲ್ಲಿ ಉತ್ತರ. ಇಷ್ಟು ಸರಿಯಾಗಿ ಕೂತರೆ ಸಾಧಾರಣ ಕತೆಯೂ ಓಡುತ್ತದೆ.

ಅಚ್ಚಿನ ಕೆಲಸದ ಬಗ್ಗೆ ಕಾಲೇಜಿನಲ್ಲಿ ಹೇಳಿಕೊಡದ ಕೆಲವು ಸಂಗತಿ ಹೇಳುತ್ತೇನೆ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಪುಟಗಳು ಸಾಮಾನ್ಯವಾಗಿ 16, 24, 32 ಹೀಗೆ ಬರುತ್ತವೆ. ಹೆಸರಿನ ಪುಟ, ಪ್ರಕಾಶಕರ ವಿವರದ ಪುಟ ಕಳೆದರೆ 32 ಪುಟದ ಪುಸ್ತಕದಲ್ಲಿ ನಿಮಗೆ ಸಿಗುವುದು ಸುಮಾರು 14 ಜೋಡಿಪುಟ. ಮೊದಲು ಖಾಲಿ ಹಾಳೆ ಮಡಚಿ, ಪಿನ್ ಹೊಡೆದು, ಅಂಗೈಯಷ್ಟು ಡಮ್ಮಿ, ಅಂದರೆ ಮಾದರಿ ಪುಸ್ತಕ, ಮಾಡಿ. ಕಡ್ಡಿ ಮನುಷ್ಯರನ್ನೇ ಬರೆದರೂ ಸಾಕು, ಆದರೆ ತಿರುಗಿಸಿ ನೋಡುವ ಹಾಗಿರಬೇಕು. ಕಂಪ್ಯೂಟರ್ ಪರದೆಯಲ್ಲಿ ಜೋಡಿಪುಟದ ನಡುವಿನ ಮಡಿಕೆ ಕಾಣುವುದಿಲ್ಲ. ಅಲ್ಲಿ ಅಜ್ಜಿಯ ಮುಖ ಬಂದರೆ ಮೂಗು ಹೊಲಿಗೆಯೊಳಗೆ ಹೋಗುತ್ತದೆ. ಪರದೆಯಲ್ಲಿ ಮಿಂಚುವ ಹಸಿರು, ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ, ಮೊದಲೇ ಒಂದು ಪುಟ ಪ್ರಿಂಟ್ ತೆಗೆದು ನೋಡಿ.

ಇನ್ನೊಂದು ನಮ್ಮ ದೇಶಕ್ಕೇ ವಿಶೇಷವಾದದ್ದು. ಇಲ್ಲಿ ಒಂದೇ ಪುಸ್ತಕ ಕನ್ನಡ, ಹಿಂದಿ, ತಮಿಳು, ಇಂಗ್ಲಿಷ್ ಹೀಗೆ ಹಲವು ಭಾಷೆಯಲ್ಲಿ ಬರುವುದು ಸಾಮಾನ್ಯ. ಬಣ್ಣದ ಅಚ್ಚಿಗೆ ನಾಲ್ಕು ಪ್ಲೇಟು, ಅಂದರೆ ಅಚ್ಚಿನ ತಗಡು: ಸಯಾನ್ (ತಿಳಿನೀಲಿ), ಮೆಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು. ಅಕ್ಷರ ಪೂರ್ತಿ ಕಪ್ಪಿನಲ್ಲಿದ್ದರೆ ಭಾಷೆ ಬದಲಾದಾಗ ಆ ಒಂದು ಪ್ಲೇಟು ಬದಲಿಸಿದರೆ ಸಾಕು. ನೀವು ಹಲವು ಬಣ್ಣ ಸೇರಿದ ಕತ್ತಲೆಯ ಲಿನೊ ಚಿತ್ರದ ಮೇಲೆ ಬಿಳಿ ಅಕ್ಷರ ಬಿಟ್ಟರೆ ಪ್ರತಿ ಭಾಷೆಗೂ ಎಲ್ಲ ಪ್ಲೇಟೂ ಹೊಸದಾಗಿ ಮಾಡಬೇಕು. ಪ್ರಕಾಶಕರ ಮುಖ ಸಣ್ಣಗಾಗುತ್ತದೆ. ಹಾಗಾಗಿ ಕರುವಿನ ಕತೆಯನ್ನು ಲಿನೊದಲ್ಲಿ ಮಾಡುವುದಾದರೂ ಪುಟದ ಒಂದು ಪಟ್ಟಿಯನ್ನು ತಿಳಿಯಾಗಿ ಬಿಡಿ. ಅಂಗಡಿ ಬೋರ್ಡು, ಬಸ್ಸಿನ ಹೆಸರು ಇಂಥ ಅಕ್ಷರಗಳನ್ನು ಚಿತ್ರದೊಳಗೇ ಕೆತ್ತಬೇಡಿ, ಪ್ರತ್ಯೇಕ ಲೇಯರಿನಲ್ಲಿ ಕೊಡಿ. ಮತ್ತೆ ಇಂಗ್ಲಿಷಿನ ಅಳತೆಗೆ ಬಿಟ್ಟ ಜಾಗ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಜಾಸ್ತಿ ಅಂತರ ಬೇಕು. ‘ಸ್ತ್ರೀ’ ‘ರಾಷ್ಟ್ರ’ ಇರುವ ಒಂದು ಸಾಲು ಹಾಕಿ ಪರೀಕ್ಷಿಸಿ.

ದುಡ್ಡಿನ ವಿಷಯ. ಬರೀ ಮಕ್ಕಳ ಪುಸ್ತಕದ ಚಿತ್ರದಿಂದಲೇ ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವವರು ತುಂಬಾ ಕಮ್ಮಿ. ಮೇಲೆ ಹೇಳಿದವರನ್ನೇ ನೋಡಿ. ಸುಬ್ರಮಣ್ಯನ್ ಸಂಬಳಕ್ಕೆ ಪಾಠ ಮಾಡಿದರು, ಕೈಮಗ್ಗದ ವಿನ್ಯಾಸ ಮಾಡಿದರು. ಲಿಯೊನ್ನಿಗೆ ಪತ್ರಿಕೆಯ ಸಂಬಳ ಇತ್ತು. ನಮ್ಮ ಪಕ್ಕದ ಪುಣೆಯ ಮಾಧುರಿ ಪುರಂದರೆ ಮರಾಠಿಯಲ್ಲಿ ಮಕ್ಕಳಿಗೆ ಬರೆದು ಚಿತ್ರವನ್ನೂ ಮಾಡುವವರು. ಹಾಡು, ನಾಟಕ, ಅನುವಾದ ಎಲ್ಲದರಲ್ಲೂ ಇದ್ದವರು. ಒಂದು ಕಡೆಯ ದುಡ್ಡು ಇನ್ನೊಂದು ಕಡೆಯ ಸಮಯವನ್ನು ಕೊಳ್ಳುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಿಮ್ಮ ಹಲವು ಕೈಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ: ಶಾಲೆಯ ಗೋಡೆಚಿತ್ರ, ಮಕ್ಕಳ ಕಾರ್ಯಾಗಾರ, ಪಠ್ಯಪುಸ್ತಕ, ಪತ್ರಿಕೆಯ ಚಿತ್ರ.

ಹೊಟ್ಟೆಪಾಡಿನ ಕೆಲಸ ಗೆದ್ದು ತಲೆ ಮೇಲೆ ಕೂರುವುದೂ ಉಂಟು. ಫಿನ್ಲೆಂಡಿನ ಟೂವೆ ಯಾನ್ಸನ್ ಪೇಂಟರ್, ವ್ಯಂಗ್ಯಚಿತ್ರಗಾರ್ತಿ, ಭಿತ್ತಿಚಿತ್ರ ಮಾಡಿದವರು, ಮಕ್ಕಳ ಕತೆಗಳಲ್ಲಿ ದುಂಡು ಮೂತಿಯ ಕಾಲ್ಪನಿಕ ಜೀವಿಗಳಾದ ಮೂಮಿನ್‌ಗಳನ್ನು ಸೃಷ್ಟಿಸಿದವರು. 1954ರಲ್ಲಿ ಲಂಡನ್ನಿನ ‘ಈವ್ನಿಂಗ್ ನ್ಯೂಸ್’ಗೆ ಮೂಮಿನ್ ಕಾಮಿಕ್ ಶುರು ಮಾಡಿದರು. ದುಡ್ಡು ಬಂತು, ಹೆಸರು ಬಂತು. ಆದರೆ ಬಿಡುವಿಲ್ಲದ ಆ ಚಿತ್ರಪಟ್ಟಿಗಳು ಪೇಂಟಿಂಗಿಗೆ ಹೊತ್ತೇ ಉಳಿಸಲಿಲ್ಲ. ಕೊನೆಗೆ ಅದನ್ನು ಸೋದರ ಲಾರ್ಸ್‌ಗೆ ಒಪ್ಪಿಸಿ ಹೊರಗೆ ಬಂದರು. ನಿಮ್ಮ ಸ್ಟುಡಿಯೊ ಕೆಲಸ ಹಾಗೆ ಆಗುತ್ತಿದೆಯಾ ಅಂತ ಆಗಾಗ ನೋಡಿಕೊಳ್ಳಿ. ಸಂಜೆ ಕೈಗೆ ಉಳಿ ಹಿಡಿಯುವ ಆಸೆ ಇನ್ನೂ ಇದ್ದರೆ ಸದ್ಯಕ್ಕೆ ಚಿಂತೆ ಇಲ್ಲ.

ಇನ್ನು ಒಪ್ಪಂದ. ಇದನ್ನು ಓದದೆ ಚಿತ್ರ ಶುರು ಮಾಡಬೇಡಿ. ಮೊದಲು ನಿಮ್ಮ ಸ್ಟುಡಿಯೊದ ನೇಮಕಾತಿ ಪತ್ರ ತೆಗೆದು ನೋಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಮಾತಾಗಿರದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಹಕ್ಕು ಮಾಲೀಕರದ್ದು. ಮನೆಯಲ್ಲಿ, ನಿಮ್ಮ ಹೊತ್ತಿನಲ್ಲಿ, ನಿಮ್ಮ ಸಾಮಾನಿನಲ್ಲಿ ಮಾಡಿದ್ದು ಬೇರೆ ವಿಷಯ. ಆದರೆ ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಅನ್ನುವ ಷರತ್ತು ಕೆಲವು ಪತ್ರಗಳಲ್ಲಿ ಇರುತ್ತದೆ. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಈ ಪುಸ್ತಕದ ಒಂದು ಫೈಲನ್ನೂ ತೆರೆಯಬೇಡಿ.

ಪ್ರಕಾಶಕರ ಜೊತೆ: ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿ ಹಾಕಿ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಪ್ಪಂದದಲ್ಲಿ ‘ಶಾಶ್ವತವಾಗಿ, ಪ್ರಪಂಚದಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಅಂತ ಇದ್ದರೆ ಅದಕ್ಕೆ ತಕ್ಕ ದುಡ್ಡು ಇದೆಯಾ ನೋಡಿ. ‘ಎಲ್ಲ ಮಾಧ್ಯಮಗಳು’ ಅಂದರೆ ನಿಮ್ಮದೇ ಮಣ್ಣಿನ ಕರುವಿನ ಆನಿಮೇಷನ್ ಕೂಡ ಸೇರಿತು. ನಿಮ್ಮಂಥವರು ಬೇರೆಯವರಿಗಿಂತ ಜಾಸ್ತಿ ಎಚ್ಚರದಿಂದ ಓದಬೇಕಾದ ಸಾಲು ಅದೇ. ಪುಸ್ತಕದ ಹಕ್ಕು ಕೊಡಿ, ಆಟಿಕೆ ಮತ್ತು ಚಲನಚಿತ್ರದ ಹಕ್ಕು ಉಳಿಸಿಕೊಳ್ಳಿ. ಮೂಲ ಲಿನೊ ಹಲಗೆ, ಗೊಂಬೆ, ಬಟ್ಟೆ ನಿಮ್ಮವೇ ಅಂತ ಬರೆಸಿ. ಅವನ್ನು ಮುಂದೆ ಪ್ರದರ್ಶನಕ್ಕೆ ಇಡಬಹುದು, ಲಿನೊದ ಅಚ್ಚು ತೆಗೆದು ಜನವರಿಯ ಚಿತ್ರಸಂತೆಯಲ್ಲಿ ಮಾರಲೂಬಹುದು.

ಮುಕ್ತ ಪರವಾನಗಿಯ ಪುಸ್ತಕವಾದರೆ ಲೆಕ್ಕ ಬೇರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಕತೆಯನ್ನು ಅನುವಾದಿಸಬಹುದು, ಚಿತ್ರವನ್ನು ಮತ್ತೆ ಬಳಸಬಹುದು. ಇಂಥ ಕಡೆ ರಾಯಧನದ ನಿರೀಕ್ಷೆ ಬೇಡ. ಬದಲಿಗೆ ನಿಮ್ಮ ಚಿತ್ರ ನೀವು ಕೇಳಿಯೇ ಇರದ ಭಾಷೆಗಳ ಮಕ್ಕಳ ಕೈಗೆ ಹೋಗುತ್ತದೆ. ಮೊದಲ ಪುಸ್ತಕಕ್ಕೆ ಇದು ಕೆಟ್ಟ ದಾರಿ ಏನಲ್ಲ, ಗೊತ್ತಿದ್ದು ಒಪ್ಪಿಕೊಳ್ಳಬೇಕು ಅಷ್ಟೇ.

ಮುಂಗಡ ಕೇಳಿ. ಡಮ್ಮಿ ಒಪ್ಪಿಗೆಯಾದಾಗ ಒಂದು ಕಂತು, ಚಿತ್ರ ಕೊಟ್ಟಾಗ ಇನ್ನೊಂದು. ‘ಪುಸ್ತಕ ಮಾರಾಟವಾದ ಮೇಲೆ ನೋಡೋಣ’ ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿದಿದ್ದರೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಷ್ಟು ಸಲ ತಿದ್ದುಪಡಿ ಮಾಡಿಕೊಡುತ್ತೀರಿ ಅನ್ನುವುದನ್ನೂ ಬರೆಸಿ. ಲಿನೊದಲ್ಲಿ ‘ಅಜ್ಜಿಯ ಕೈ ಸ್ವಲ್ಪ ಮೇಲೆತ್ತಿ’ ಅಂದರೆ ಇಡೀ ಹಲಗೆ ಮತ್ತೆ ಕೆತ್ತಬೇಕು. ಇದು ಕಂಪ್ಯೂಟರಿನಲ್ಲಿ ಚಿತ್ರ ನೋಡಿ ಅಭ್ಯಾಸವಾದವರಿಗೆ ಹೊಳೆಯುವುದಿಲ್ಲ. ಹಾಗಾಗಿ ಪೆನ್ಸಿಲ್ ಹಂತದಲ್ಲೇ ಪ್ರತಿ ಜೋಡಿಪುಟಕ್ಕೂ ಒಪ್ಪಿಗೆಯ ಇಮೇಲ್ ಪಡೆದುಕೊಳ್ಳಿ. ಆಮೇಲೆ ಉಳಿ ಹಿಡಿಯಿರಿ. ಮುಖಪುಟದ ಮೇಲೆ ಲೇಖಕರ ಹೆಸರಿನ ಜೊತೆಗೆ ನಿಮ್ಮ ಹೆಸರೂ ಬರುತ್ತದೆ ಅನ್ನುವುದು ಅದೇ ಇಮೇಲಿನಲ್ಲಿ ಇರಲಿ.